ಕಾರಿನ ಬಾಗಿಲುಗಳ ಸ್ವಯಂಚಾಲಿತ ಬೀಗ: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸಣ್ಣ ಕಾರು ಈಗ ಆಡಂಬರದ ವಸ್ತುವಾಗಿ ಉಳಿದಿಲ್ಲ. ಮಲೆನಾಡಿನ ಈ ಭಾಗದಲ್ಲಿ ಮನೆಗಳು ಗುಡ್ಡದ ಮಗ್ಗುಲಲ್ಲಿ, ತೋಟದ ತಲೆಯಲ್ಲಿ, ಒಂದರಿಂದೊಂದು ದೂರವಾಗಿ ಇರುತ್ತವೆ. ಆದ್ದರಿಂದ ಆಸ್ಪತ್ರೆಗೆ, ಶಾಲೆಗೆ, ಅಡಿಕೆ ಮಂಡಿಗೆ ಹಾಗೂ ನೆಂಟರ ಮನೆಯ ಕಾರ್ಯಗಳಿಗೆ ಹೋಗಿಬರಲು ಅನೇಕ ಕುಟುಂಬಗಳು ಸ್ವಂತ ವಾಹನವನ್ನೇ ಅವಲಂಬಿಸಿವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನಲ್ಲಿಯೂ, ಮರುವರ್ಷ ಬಂದು ಮುಂದೆ ಓಮ್ನಿ ಎಂದು ಹೆಸರಾದ ವ್ಯಾನಿನಲ್ಲಿಯೂ ಪ್ರತಿಯೊಂದು ಬಾಗಿಲಿಗೆ ಕೈಯಿಂದಲೇ ಬೀಗ ಹಾಕಬೇಕಾಗಿತ್ತು. ಈಗಿನ ಸಣ್ಣ ಕಾರುಗಳಲ್ಲಿ ಆ ಕೆಲಸವನ್ನು ಬಾಗಿಲಿನೊಳಗೆ ಅಡಗಿರುವ ಪುಟ್ಟ ವಿದ್ಯುತ್ ಮೋಟಾರುಗಳು ನಿರ್ವಹಿಸುತ್ತವೆ. ಅನೇಕ ಮಾದರಿಗಳಲ್ಲಿ ಕಾರು ನಿಗದಿತ ವೇಗವನ್ನು ತಲುಪಿದೊಡನೆ ನಾಲ್ಕು ಬಾಗಿಲುಗಳಿಗೂ ಬೀಗ ತಾನಾಗಿಯೇ ಬೀಳುತ್ತದೆ.

ಈ ಸೌಲಭ್ಯವು ಉಪಯುಕ್ತವಾದುದೇ ಆಗಿದೆ. ಆದರೆ ಬೀಗ ಬೀಳುವ ಸದ್ದನ್ನು ದಿನವೂ ಕೇಳುವ ಅನೇಕರು, ವಿದ್ಯುತ್ ಸಂಪರ್ಕ ಕಡಿದುಹೋದಾಗ ಅದೇ ಬೀಗವನ್ನು ಒಳಗಿನಿಂದ ಕೈಯಾರೆ ತೆರೆಯುವುದು ಹೇಗೆಂಬುದನ್ನು ಒಮ್ಮೆಯೂ ಪರೀಕ್ಷಿಸಿ ನೋಡಿರುವುದಿಲ್ಲ. ನಗರದಲ್ಲಾದರೆ ಕೂಗಿದ ಕೂಡಲೇ ಹತ್ತು ಜನ ಸೇರುತ್ತಾರೆ. ಹೊಳೆಯ ಪಕ್ಕದ ರಸ್ತೆಯಲ್ಲಿ, ಘಾಟಿಯಲ್ಲಿ, ಮೊಬೈಲ್ ಸಂಪರ್ಕ ಸಿಗದ ಹಿನ್ನೀರಿನ ಊರುಗಳಲ್ಲಿ ಹೊರಗಿನ ನೆರವು ಬರಲು ಹೊತ್ತು ಹಿಡಿಯುತ್ತದೆ. ಆದುದರಿಂದ ಬೀಗವನ್ನು ತೆರೆಯುವ ತಿಳಿವಳಿಕೆಯು ಕಾರಿನೊಳಗೆ ಕುಳಿತವರಲ್ಲಿಯೇ ಇರುವುದು ಅವಶ್ಯಕ. ಈ ಉದ್ದೇಶದಿಂದ ಕೆಳಕಂಡ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.

ಚಿಲಕ ಬೇರೆ, ಬೀಗ ಬೇರೆ

ಬೀಗ ಹಾಕಿದರೆ ಬಾಗಿಲು ಹೆಚ್ಚು ಬಿಗಿಯಾಗಿ ನಿಲ್ಲುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ತಿ ಸರಿಯಲ್ಲ. ಕಾರಿನ ಬಾಗಿಲನ್ನು ಹಿಡಿದು ನಿಲ್ಲಿಸುವುದು ಅದರ ಅಂಚಿನಲ್ಲಿರುವ ಉಕ್ಕಿನ ಚಿಲಕ. ಬಾಗಿಲನ್ನು ಎಳೆದು ಮುಚ್ಚಿದಾಗ ಈ ಚಿಲಕವು ಕಂಬದಲ್ಲಿರುವ ದಪ್ಪ ಕೊಂಡಿಯನ್ನು ಕಚ್ಚಿಕೊಳ್ಳುತ್ತದೆ. ಬೀಗ ಹಾಕಿದಾಗ ಚಿಲಕದ ಹಿಡಿತದಲ್ಲಿ ಏನೂ ಬದಲಾವಣೆಯಾಗುವುದಿಲ್ಲ. ಚಿಲಕಕ್ಕೂ ಹಿಡಿಕೆಗೂ ಇರುವ ಸಂಪರ್ಕ ಮಾತ್ರ ತಪ್ಪುತ್ತದೆ. ಅಂದರೆ ಹಿಡಿಕೆಯನ್ನು ಎಳೆದರೂ ಆ ಎಳೆತ ಚಿಲಕದವರೆಗೆ ಮುಟ್ಟುವುದಿಲ್ಲ.

ಈ ವ್ಯತ್ಯಾಸವನ್ನು ಅರಿತರೆ ಉಳಿದೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ. ಅರ್ಧ ಮುಚ್ಚಿದ ಬಾಗಿಲಿಗೆ ಬೀಗ ಬಿದ್ದರೂ ಅದು ಭದ್ರವಲ್ಲ; ಚಿಲಕ ಪೂರ್ತಿ ಕಚ್ಚಿರಬೇಕು. ಹಾಗೆಯೇ ಅಪಘಾತದಲ್ಲಿ ಕಾರು ಮಗುಚಿದಾಗ ಹಿಡಿಕೆಗೆ ಏನಾದರೂ ತಗುಲಿ ಬಾಗಿಲು ತೆರೆದುಕೊಳ್ಳದಂತೆ, ಕುಳಿತವರು ಹೊರಗೆಸೆಯಲ್ಪಡದಂತೆ ಬೀಗವು ಸಹಾಯ ಮಾಡುತ್ತದೆ. ಸೀಟ್ ಬೆಲ್ಟ್ ಧರಿಸದವರಿಗೆ ಈ ಸಹಾಯ ಅಷ್ಟಾಗಿ ಒದಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕಾಗುತ್ತದೆ. ಬಾಗಿಲು ಮುಚ್ಚಿದ್ದರೂ ಕಿಟಕಿ ಇದ್ದೇ ಇರುತ್ತದೆ.

ಸ್ವಯಂಚಾಲಿತ ಬೀಗ ಕೆಲಸ ಮಾಡುವ ಬಗೆ

ಸೆಂಟ್ರಲ್ ಲಾಕ್ ಎಂದು ಕರೆಯಲಾಗುವ ಕೇಂದ್ರೀಕೃತ ಬೀಗದಲ್ಲಿ ಚಾಲಕನ ಬಾಗಿಲಿನ ಬೀಗವನ್ನು ತಿರುಗಿಸಿದರೆ ಅಥವಾ ರಿಮೋಟ್ ಗುಂಡಿ ಒತ್ತಿದರೆ ಉಳಿದ ಬಾಗಿಲುಗಳ ಮೋಟಾರುಗಳಿಗೂ ಸೂಚನೆ ಹೋಗುತ್ತದೆ. ಇದರ ಮೇಲೆ ವೇಗವನ್ನು ಗ್ರಹಿಸುವ ವ್ಯವಸ್ಥೆಯನ್ನು ಸೇರಿಸಿದಾಗ ಅದು ಸ್ವಯಂಚಾಲಿತ ಬೀಗವಾಗುತ್ತದೆ. ಬೀಗ ಬೀಳುವ ವೇಗವು ಎಲ್ಲ ಕಾರುಗಳಲ್ಲಿಯೂ ಒಂದೇ ಅಲ್ಲ. ಕೆಲವು ಮಾದರಿಗಳಲ್ಲಿ ಗಂಟೆಗೆ 10 ಕಿ.ಮೀ. ಆಸುಪಾಸಿನಲ್ಲಿ, ಮತ್ತೆ ಕೆಲವದರಲ್ಲಿ 20 ಕಿ.ಮೀ. ದಾಟಿದ ಮೇಲೆ ಬೀಳುತ್ತದೆ.

ಈ ಅಂಕಿಗಳು ಮಲೆನಾಡಿನ ರಸ್ತೆಗಳಿಗೆ ಸಂಬಂಧಿಸಿದಂತೆ ಗಮನಾರ್ಹವಾಗಿವೆ. ತೋಟದ ಮನೆಯಿಂದ ಡಾಂಬರು ರಸ್ತೆಗೆ ಬರುವ ಮಣ್ಣುಹಾದಿಯಲ್ಲಿ ಕಾರು ಒಂದೆರಡು ಕಿ.ಮೀ. ದೂರ ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಸಾಗುವುದುಂಟು. ಅಷ್ಟು ಹೊತ್ತೂ ಬಾಗಿಲುಗಳಿಗೆ ಬೀಗ ಬಿದ್ದಿರುವುದಿಲ್ಲ. ಗುಂಡಿಗಳಲ್ಲಿ ಕಾರು ಕುಲುಕುವಾಗ ಹಿಂದಿನ ಸೀಟಿನ ಮಗುವಿನ ಕೈ ಹಿಡಿಕೆಯ ಮೇಲೆ ಬಿದ್ದರೆ ಬಾಗಿಲು ತೆರೆದುಕೊಳ್ಳಬಹುದು. ಆದ್ದರಿಂದ ಮಕ್ಕಳಿರುವಾಗ ಹೊರಡುವ ಮುನ್ನವೇ ಚಾಲಕರು ಗುಂಡಿ ಒತ್ತಿ ಬೀಗ ಹಾಕಿಕೊಳ್ಳತಕ್ಕದ್ದು. ಇದಕ್ಕೆ ಪ್ರತಿಯಾಗಿ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅಥವಾ ಮಾಸ್ತಿಕಟ್ಟೆಯಿಂದ ಇಳಿಯುವ ಹುಲಿಕಲ್ ಘಾಟಿಯಲ್ಲಿ ಕಾರಿನ ವೇಗ ಎಷ್ಟೇ ತಗ್ಗಿದರೂ ಒಮ್ಮೆ ಬಿದ್ದ ಬೀಗ ಬಿದ್ದೇ ಇರುತ್ತದೆ. ವೇಗ ಕಡಿಮೆಯಾದ ಮಾತ್ರಕ್ಕೆ ಅದು ತೆರೆಯುವುದಿಲ್ಲ.

ಬೀಗ ತೆರೆಯುವ ಕ್ರಮದಲ್ಲಿಯೂ ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದೆ. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ಕೀಲಿ ತೆಗೆದಾಗ ಎಲ್ಲ ಬಾಗಿಲುಗಳ ಬೀಗವೂ ತೆರೆಯುತ್ತದೆ. ಕೆಲವದರಲ್ಲಿ ಚಾಲಕನ ಬಾಗಿಲು ಮಾತ್ರ ತೆರೆದು, ಉಳಿದವರು ತಮ್ಮ ತಮ್ಮ ಬಾಗಿಲಿನ ಬೀಗವನ್ನು ಬೇರೆಯಾಗಿ ತೆಗೆಯಬೇಕಾಗುತ್ತದೆ. ಮುಂದಿನ ಬಾಗಿಲಿನ ಹಿಡಿಕೆಯನ್ನು ಒಮ್ಮೆ ಎಳೆದರೆ ಬೀಗವೂ ಚಿಲಕವೂ ಒಟ್ಟಿಗೆ ಬಿಚ್ಚುವ ಕಾರುಗಳಿವೆ. ಎರಡು ಸಲ ಎಳೆಯಬೇಕಾದವುಗಳಿವೆ. ಹಿಡಿಕೆಯ ಪಕ್ಕದ ಸಣ್ಣ ಪಟ್ಟಿಯನ್ನು ಮೊದಲು ಸರಿಸಿ ಅನಂತರ ಎಳೆಯಬೇಕಾದವುಗಳೂ ಇವೆ. ಕೆಲವೇ ಮಾದರಿಗಳಲ್ಲಿ ರಿಮೋಟ್ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಒಳಗಿನ ಹಿಡಿಕೆಗಳೂ ನಿಷ್ಕ್ರಿಯವಾಗುವ ಎರಡನೆಯ ಹಂತದ ಬೀಗವಿರುತ್ತದೆ. ಅದು ಕಳ್ಳತನ ತಡೆಯಲು ಇರುವುದಾಗಿದ್ದು, ಒಳಗೆ ಯಾರಾದರೂ ಇರುವಾಗ ಅದನ್ನು ಎಂದಿಗೂ ಬಳಸಕೂಡದು.

ಏರ್‌ಬ್ಯಾಗ್ ಇರುವ ಅನೇಕ ಕಾರುಗಳಲ್ಲಿ ಡಿಕ್ಕಿಯಾದ ಕೂಡಲೇ ಬೀಗ ತಾನಾಗಿ ತೆರೆಯುವ ಏರ್ಪಾಡು ಇದೆ. ಏರ್‌ಬ್ಯಾಗನ್ನು ನಿಯಂತ್ರಿಸುವ ಘಟಕವೇ ಬಾಗಿಲಿನ ಮೋಟಾರುಗಳಿಗೂ ಸೂಚನೆ ಕಳುಹಿಸುತ್ತದೆ. ಹೊರಗಿನವರು ಗಾಯಾಳುಗಳನ್ನು ಬೇಗನೆ ಇಳಿಸಲು ಇದರಿಂದ ಅನುಕೂಲ. ಆದರೆ ಈ ಸೂಚನೆಗೆ ಬ್ಯಾಟರಿ ಬೇಕು, ಡಿಕ್ಕಿಯ ಪೆಟ್ಟೂ ಬೇಕು. ಕಾರು ಡಿಕ್ಕಿಯಿಲ್ಲದೆ ನಿಧಾನವಾಗಿ ಜಾರಿ ಹಳ್ಳಕ್ಕೆ ಇಳಿದರೆ ಅಥವಾ ನಿಂತಲ್ಲಿಯೇ ನೀರು ಏರಿದರೆ ಈ ಏರ್ಪಾಡು ಎಚ್ಚರಗೊಳ್ಳುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಭಯಪಡಬೇಕಾದ ಸನ್ನಿವೇಶ ಇದೇ ಆಗಿದೆ.

ಚೈಲ್ಡ್ ಲಾಕ್

ಹಿಂದಿನ ಎರಡು ಬಾಗಿಲುಗಳನ್ನು ತೆರೆದು ಅವುಗಳ ಅಂಚನ್ನು ನೋಡಿದರೆ ಅಲ್ಲಿ ಒಂದು ಸಣ್ಣ ಕಡ್ಡಿ ಅಥವಾ ಕೀಲಿಯಿಂದ ತಿರುಗಿಸುವ ಗುಂಡಿ ಕಾಣುತ್ತದೆ. ಇದನ್ನು ಚೈಲ್ಡ್ ಲಾಕ್ ಎನ್ನಲಾಗುತ್ತದೆ. ಇದು ವಿದ್ಯುತ್ತಿನಿಂದ ನಡೆಯುವ ಬೀಗವಲ್ಲ. ಇದನ್ನು ಹಾಕಿದ ಮೇಲೆ ಒಳಗಿನ ಹಿಡಿಕೆಯನ್ನು ಎಷ್ಟು ಎಳೆದರೂ ಹಿಂದಿನ ಬಾಗಿಲು ತೆರೆಯುವುದಿಲ್ಲ; ಸೆಂಟ್ರಲ್ ಲಾಕ್ ತೆಗೆದಿದ್ದರೂ ತೆರೆಯುವುದಿಲ್ಲ. ಹೊರಗಿನ ಹಿಡಿಕೆಯಿಂದ ಮಾತ್ರ ತೆರೆಯಬಹುದು. ಹಿಂದೆ ಕುಳಿತವರು ಕಿಟಕಿ ಇಳಿಸಿ, ಕೈ ಹೊರಚಾಚಿ ಹೊರಗಿನ ಹಿಡಿಕೆಯನ್ನು ಎಳೆಯಬೇಕು, ಅಥವಾ ಮುಂದಿನ ಸೀಟಿಗೆ ದಾಟಿ ಬರಬೇಕು.

ಓಡುವ ಕಾರಿನಲ್ಲಿ ಚಿಕ್ಕ ಮಕ್ಕಳಿರುವಾಗ ಚೈಲ್ಡ್ ಲಾಕ್ ಅಗತ್ಯವಾದುದು. ಮಕ್ಕಳು ಇಳಿದುಹೋದ ಮೇಲೂ ಅದು ಹಾಗೆಯೇ ಉಳಿದು, ಹಿಂದೆ ಕುಳಿತ ಅಜ್ಜ ಅಜ್ಜಿಯರು ಬಾಗಿಲು ಕೆಟ್ಟಿದೆಯೆಂದು ಭಾವಿಸುವ ಸಂದರ್ಭಗಳು ಸಾಮಾನ್ಯ. ಒಣ ನೆಲದಲ್ಲಿ ಇದು ನಗುವ ಸಂಗತಿ. ಬಾಡಿಗೆಗೆ ಓಡುವ ಕಾರುಗಳಲ್ಲಿ ಪ್ರಯಾಣಿಕರ, ವಿಶೇಷವಾಗಿ ಮಹಿಳೆಯರ ಸುರಕ್ಷತೆಯ ದೃಷ್ಟಿಯಿಂದ ಚೈಲ್ಡ್ ಲಾಕ್ ಇರಕೂಡದೆಂದು ಕೇಂದ್ರ ಸರ್ಕಾರವು ನಿಯಮ ರೂಪಿಸಿದ್ದು, ಅದು 2019ರಿಂದ ಜಾರಿಯಲ್ಲಿದೆ. ಬಾಡಿಗೆ ಕಾರು ಏರುವವರು ಬಾಗಿಲು ಮುಚ್ಚುವ ಮುನ್ನ ಅಂಚಿನ ಕಡ್ಡಿಯನ್ನು ಒಮ್ಮೆ ನೋಡಿಕೊಳ್ಳಬಹುದಾಗಿದೆ.

ಸ್ವಂತ ಉಪಯೋಗದ ಕಾರುಗಳಿಗೆ ಸಂಬಂಧಿಸಿದ ಮತ್ತೊಂದು ನಿಯಮವೂ ಇದೆ. ಎ.ಐ.ಎಸ್. 145 ಎಂಬ ಮಾನದಂಡದಂತೆ 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಗಂಟೆ, ವೇಗದ ಎಚ್ಚರಿಕೆ ಮತ್ತು ಹಿಂದಕ್ಕೆ ಚಲಿಸುವಾಗಿನ ಸೂಚಕಗಳ ಜೊತೆಗೆ, ಸೆಂಟ್ರಲ್ ಲಾಕ್ ಇರುವ ಕಡೆ ತುರ್ತು ಸಂದರ್ಭದಲ್ಲಿ ಅದನ್ನು ಕೈಯಿಂದಲೇ ತೆರೆಯುವ ಅನುಕೂಲವೂ ಇರತಕ್ಕದ್ದು. ಏರ್‌ಬ್ಯಾಗಿನ ಕುರಿತು ಆಗಿನಷ್ಟು ಚರ್ಚೆ ಬೀಗದ ಕುರಿತು ಆಗಲಿಲ್ಲ. ಅದಕ್ಕಿಂತ ಹಿಂದೆ ತಯಾರಾದ ಕಾರುಗಳ ಮಾಲೀಕರು ತಮ್ಮ ಕಾರಿನಲ್ಲಿ ಈ ಅನುಕೂಲ ಇದೆಯೇ ಎಂಬುದನ್ನು ಸ್ವತಃ ಪರಿಶೀಲಿಸಿಕೊಳ್ಳುವುದು ಸೂಕ್ತ.

ನೀರು ಬಾಗಿಲನ್ನು ಒತ್ತುವ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆಯಾಗುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆ ಪ್ರದೇಶಗಳೂ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿವೆ. ಆರಿದ್ರಾ, ಪುನರ್ವಸು ಮಳೆಗಳ ಕಾಲದಲ್ಲಿ ಬೆಳಿಗ್ಗೆ ಪಾದ ನೆನೆಯುವಷ್ಟಿದ್ದ ಹಳ್ಳವು ಸಂಜೆಯ ವೇಳೆಗೆ ಮೋರಿಯ ಮೇಲೆ ಹರಿಯುವುದು ಇಲ್ಲಿನವರಿಗೆ ಹೊಸದಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯು ಮಂಡಗದ್ದೆಯ ಆಸುಪಾಸಿನಲ್ಲಿ ತುಂಗಾ ನದಿಯ ಅಂಚಿನಲ್ಲಿಯೇ ಸಾಗುತ್ತದೆ.

ಇಂತಹ ನೀರಿನಲ್ಲಿ ಕಾರಿಗೆ ಏನಾಗುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಸಣ್ಣ ಕಾರಿನ ತೂಕ ಸಾಮಾನ್ಯವಾಗಿ 700ರಿಂದ 1000 ಕೆ.ಜಿ. ಅದರ ತಳದ ವಿಸ್ತೀರ್ಣ ಸುಮಾರು 5 ಚದರ ಮೀಟರ್. ನೀರು ಕಾರಿನ ತಳವನ್ನು ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂ.ಮೀ. ನೀರು ಸುಮಾರು 500 ಕೆ.ಜಿ. ಭಾರವನ್ನು ಎತ್ತಿ ಹಿಡಿಯಬಲ್ಲದು. ಕಾರಿನ ತಳವು ನೆಲದಿಂದ 16-18 ಸೆಂ.ಮೀ. ಎತ್ತರದಲ್ಲಿರುತ್ತದೆ. ಅಂದರೆ ನೀರು ಇನ್ನೂ ಮೊಣಕಾಲನ್ನು ಮುಟ್ಟುವ ಮೊದಲೇ ಚಕ್ರಗಳು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತವೆ. ಹರಿಯುವ ನೀರಾದರೆ ಕಾರನ್ನು ಪಕ್ಕಕ್ಕೆ ತಳ್ಳಲು ಅಷ್ಟೇ ಸಾಕು. ಜೀಪು, ಲಾರಿ ದಾಟಿತೆಂದು ಸಣ್ಣ ಕಾರೂ ದಾಟುವುದೆಂದು ತಿಳಿಯಬಾರದು.

ಇನ್ನು ಬಾಗಿಲಿನ ವಿಷಯ. ಒಂದು ಮೀಟರ್ ಅಗಲದ ಬಾಗಿಲಿನ ಕೆಳಅಂಚಿನಿಂದ 30 ಸೆಂ.ಮೀ. ಎತ್ತರಕ್ಕೆ ಹೊರಗೆ ನೀರಿದ್ದು ಒಳಗೆ ಇಲ್ಲದಿದ್ದರೆ, ಬಾಗಿಲಿನ ಮೇಲೆ ಬೀಳುವ ಒತ್ತಡ ಸುಮಾರು 45 ಕೆ.ಜಿ. ಭಾರಕ್ಕೆ ಸಮ. ನೀರು 60 ಸೆಂ.ಮೀ.ಗೆ ಏರಿದರೆ ಅದು 90 ಆಗುವುದಿಲ್ಲ, 180 ಕೆ.ಜಿ. ಆಗುತ್ತದೆ. ಎತ್ತರ ಎರಡರಷ್ಟಾದಾಗ ಒತ್ತಡ ನಾಲ್ಕರಷ್ಟಾಗುತ್ತದೆ. 180 ಕೆ.ಜಿ. ಎಂದರೆ 50 ಕೆ.ಜಿ. ತೂಕದ ಮೂರೂವರೆ ಅಕ್ಕಿ ಮೂಟೆ. ಬಾಗಿಲಿನ ತುದಿಯಲ್ಲಿ ಕೈಯಿಟ್ಟು ತಳ್ಳುವುದರಿಂದ ಅರ್ಧದಷ್ಟು ಬಲ ಉಳಿಯುತ್ತದೆಯಾದರೂ ಉಳಿದರ್ಧವನ್ನೂ ಕುಳಿತ ಭಂಗಿಯಲ್ಲಿ ತಳ್ಳುವುದು ಸಾಮಾನ್ಯರಿಂದ ಆಗದು. ಈ ಹಂತದಲ್ಲಿ ಬೀಗ ತೆರೆದಿದ್ದರೂ ಬಾಗಿಲು ತೆರೆಯುವುದಿಲ್ಲ. ಬೀಗವೇ ಕೆಟ್ಟಿತೆಂದು ಭಾವಿಸಿ ಹಿಡಿಕೆಯನ್ನು ಮತ್ತೆ ಮತ್ತೆ ಎಳೆಯುತ್ತಾ ಕಳೆಯುವ ಒಂದೊಂದು ಕ್ಷಣವೂ ನಷ್ಟವೇ.

ಆದ್ದರಿಂದ ನೀರಿಗೆ ಸಿಲುಕಿದ ಕಾರಿನಲ್ಲಿ ಹೊರಬರುವ ದಾರಿ ಬಾಗಿಲಲ್ಲ, ಕಿಟಕಿ. ಈ ಕುರಿತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ನಿಜವಾದ ಕಾರುಗಳನ್ನೇ ನೀರಿಗಿಳಿಸಿ ಪ್ರಯೋಗಗಳನ್ನು ನಡೆಸಿದ್ದಾರೆ. ಆಳದ ನೀರಿಗೆ ಬಿದ್ದ ಕಾರು ಕೂಡಲೇ ಮುಳುಗುವುದಿಲ್ಲ. ಅರ್ಧ ನಿಮಿಷದಿಂದ ಒಂದೆರಡು ನಿಮಿಷದವರೆಗೆ ತೇಲುತ್ತದೆ, ಪಾರಾಗಲು ದೊರೆಯುವ ಸಮಯ ಇಷ್ಟೇ ಎಂಬುದು ಅವರ ನಿಲುವು. ಈ ಅವಧಿಯಲ್ಲಿ ಮೊದಲು ಬೆಲ್ಟ್ ಬಿಚ್ಚಬೇಕು, ಗಾಜು ಇಳಿಸಬೇಕು, ಮಕ್ಕಳನ್ನು ಕಿಟಕಿಯಿಂದ ಹೊರಗೆ ಕಳುಹಿಸಬೇಕು, ಒಡನೆಯೇ ದೊಡ್ಡವರೂ ಹೊರಬರಬೇಕು. ವಿದ್ಯುತ್ ಕಿಟಕಿಗಳು ನೀರು ತಗುಲಿದ ಕೂಡಲೇ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಕೆಲಸ ಮಾಡುತ್ತವೆ. ಆದರೆ ನೀರು ಗಾಜಿನ ಮಟ್ಟಕ್ಕೆ ಏರಿದ ಮೇಲೆ ಅದರ ಒತ್ತಡದಿಂದ ಗಾಜು ಇಳಿಯುವುದು ಕಷ್ಟ. ದೂರವಾಣಿ ಕರೆ ಮಾಡುವುದು, ಸಾಮಾನು ತೆಗೆದುಕೊಳ್ಳುವುದು ಇವೆಲ್ಲ ಹೊರಬಂದ ಮೇಲಿನ ಕೆಲಸಗಳು. ಒಳಗೂ ಹೊರಗೂ ನೀರು ಸಮನಾಗುವವರೆಗೆ ಕಾದರೆ ಬಾಗಿಲು ತೆರೆಯುತ್ತದೆ ಎಂಬ ಸಲಹೆಯನ್ನು ಕೆಲವರು ನೀಡುವುದುಂಟು. ಲೆಕ್ಕಕ್ಕೆ ಅದು ಸರಿ. ಆದರೆ ಅಷ್ಟರಲ್ಲಿ ಕಾರಿನ ತುಂಬ ನೀರಿರುತ್ತದೆ. ಬೇರೆ ಯಾವ ದಾರಿಯೂ ಉಳಿಯದಾಗ ಮಾತ್ರ ಅದನ್ನು ನೆನಪಿಸಿಕೊಳ್ಳತಕ್ಕದ್ದು.

ಗಾಜು ಇಳಿಯದಿದ್ದರೆ ಒಡೆಯಬೇಕಾಗುತ್ತದೆ. ಮುಂದಿನ ದೊಡ್ಡ ಗಾಜು ಎರಡು ಪದರಗಳ ನಡುವೆ ಪೊರೆಯಿರುವಂತಹದಾದ್ದರಿಂದ ಬಿರುಕು ಬಿಡುವುದೇ ಹೊರತು ಉದುರುವುದಿಲ್ಲ. ಸಣ್ಣ ಕಾರುಗಳ ಪಕ್ಕದ ಗಾಜು ಹಾಗೂ ಹಿಂಬದಿಯ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಗಾಜಾಗಿದ್ದು, ಚೂಪಾದ ಗಟ್ಟಿ ಮೊನೆಯಿಂದ ಮೂಲೆಯ ಸಮೀಪ ಹೊಡೆದರೆ ಒಮ್ಮೆಗೇ ಪುಡಿಯಾಗುತ್ತದೆ. ಅಂಗೈ, ಮೊಣಕೈ, ತೋಟದ ಕತ್ತಿಯ ಅಲಗು ಇವುಗಳಿಂದ ಈ ಕೆಲಸ ಆಗುವುದು ಕಷ್ಟ. ಸೀಟಿನ ತಲೆದಿಂಬನ್ನು ಕಿತ್ತು ಅದರ ಸರಳಿನಿಂದ ಗಾಜು ಒಡೆಯಬಹುದೆಂಬ ಮಾತು ಬಹಳ ಪ್ರಚಾರದಲ್ಲಿದೆ. ತಲೆದಿಂಬನ್ನು ಆ ಉದ್ದೇಶಕ್ಕಾಗಿ ಮಾಡಿರುವುದಿಲ್ಲ. ಮೇಲಾಗಿ ಕಡಿಮೆ ಬೆಲೆಯ ಹಲವು ಸಣ್ಣ ಕಾರುಗಳಲ್ಲಿ ತಲೆದಿಂಬು ಸೀಟಿನೊಡನೆ ಒಂದಾಗಿದ್ದು ಕೀಳಲು ಬರುವುದೇ ಇಲ್ಲ. ಬೆಲ್ಟ್ ಕತ್ತರಿಸುವ ಅಲಗನ್ನೂ ಒಳಗೊಂಡ ಸಣ್ಣ ಸುತ್ತಿಗೆ ಅಥವಾ ಒತ್ತಿದಾಗ ಸ್ಪ್ರಿಂಗಿನಿಂದ ಚಿಮ್ಮುವ ಮೊನೆಯ ಉಪಕರಣವು ದುಬಾರಿಯಲ್ಲ. ನೀರಿನೊಳಗೆ ಸುತ್ತಿಗೆ ಬೀಸಲು ಆಗದಿರುವುದರಿಂದ ಎರಡನೆಯದು ಮೇಲು. ಇದನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕಾಗದಪತ್ರಗಳ ಅಡಿ ಇಡದೆ, ಬೆಲ್ಟ್ ಬಿಗಿದಿರುವಾಗಲೂ ಚಾಲಕನ ಕೈಗೆ ಎಟಕುವಲ್ಲಿ ಇಡಬೇಕು.

ಇದು ಕೇವಲ ಊಹೆಯ ಮಾತಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ, ಗಾಜು ಏರಿಸಿಕೊಂಡು ನೀರು ಇಳಿಯಲೆಂದು ಕಾರಿನೊಳಗೆ ಕಾಯುತ್ತಿದ್ದ ಹಲವರು ಒಳಗೇ ಪ್ರಾಣ ಕಳೆದುಕೊಂಡರು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಸಿಲುಕಿದ ಬಾಡಿಗೆ ಕಾರಿನಲ್ಲಿದ್ದ 22 ವರ್ಷದ ಯುವತಿಯೊಬ್ಬರು ಮೃತಪಟ್ಟರು. ಕುಟುಂಬದ ಉಳಿದವರನ್ನು ರಕ್ಷಿಸಲಾಯಿತು. ಎರಡೂ ದೊಡ್ಡ ನಗರಗಳು, ರಾಜ್ಯಗಳ ರಾಜಧಾನಿಗಳು. ನೀರು ಏರುತ್ತಿರುವಾಗ ಎಂಜಿನ್ ನಿಂತರೆ ಗಾಜು ಏರಿಸಿಕೊಂಡು ಒಳಗೆ ಕಾಯುವುದು ಸುರಕ್ಷಿತವಲ್ಲ. ಕೂಡಲೇ ಬೀಗ ತೆಗೆದು, ಗಾಜು ಇಳಿಸಿ, ನೀರು ಇನ್ನೂ ತಗ್ಗಾಗಿರುವಾಗಲೇ ಕಾರನ್ನು ಬಿಟ್ಟು ಎತ್ತರದ ನೆಲಕ್ಕೆ ಹೋಗತಕ್ಕದ್ದು.

ಲಾಂಚ್‌ಗಳಲ್ಲಿ ಕಾರು ಸಾಗಿಸುವಾಗ

ಲಿಂಗನಮಕ್ಕಿ ಜಲಾಶಯದ ಹಿನ್ನೀರಿನಿಂದ ಸಾಗರ ತಾಲ್ಲೂಕಿನ ತುಮರಿ ಭಾಗವು ತಾಲ್ಲೂಕು ಕೇಂದ್ರದಿಂದ ಬೇರ್ಪಟ್ಟ ಮೇಲೆ ಹೊಳೆಬಾಗಿಲಿನ ಲಾಂಚ್ ದಶಕಗಳ ಕಾಲ ಜನರನ್ನೂ ವಾಹನಗಳನ್ನೂ ದಾಟಿಸುತ್ತಿತ್ತು. ಸಿಗಂದೂರಿಗೆ ಹೋಗುವವರಿಗೂ ಅದೇ ದಾರಿ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ, ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯು ಉದ್ಘಾಟನೆಗೊಂಡ ಮೇಲೆ ಅಲ್ಲಿ ಕಾರನ್ನು ಲಾಂಚಿಗೆ ಏರಿಸಬೇಕಾದ ಅಗತ್ಯ ತಪ್ಪಿದೆ. ಹಿನ್ನೀರಿನ ಬೇರೆ ಕಡವುಗಳಲ್ಲಿ ಲಾಂಚ್ ಬಳಸುವವರು ಸ್ವಯಂಚಾಲಿತ ಬೀಗದ ಬಗ್ಗೆ ವಿಶೇಷ ಗಮನ ನೀಡತಕ್ಕದ್ದು.

ರಸ್ತೆಯಲ್ಲಿ ಬಿದ್ದ ಬೀಗವು ಕಾರು ಲಾಂಚಿಗೆ ಏರಿದ ಮೇಲೂ ಹಾಗೆಯೇ ಇರುತ್ತದೆ ಎಂಬುದನ್ನು ಮೇಲೆ ವಿವರಿಸಲಾಗಿದೆ. ದಡದಲ್ಲಿಯೇ ಮಕ್ಕಳು, ವಯಸ್ಸಾದವರು ಸೇರಿದಂತೆ ಪ್ರಯಾಣಿಕರನ್ನೆಲ್ಲ ಇಳಿಸಿ, ಚಾಲಕರು ಒಬ್ಬರೇ ಕಾರನ್ನು ಏರಿಸುವುದು ಕ್ರಮ. ಏರಿಸುವಾಗ ಬೀಗ ತೆಗೆದಿರಬೇಕು, ಗಾಜು ಇಳಿಸಿರಬೇಕು, ಬೆಲ್ಟ್ ಬಿಚ್ಚಿರಬೇಕು. ರಸ್ತೆಯ ಮೇಲೆ ಬೆಲ್ಟ್ ಕಡ್ಡಾಯವೆಂದು ಹೇಳುವ ಪುಟದಲ್ಲಿಯೇ ಈ ಮಾತು ವಿಚಿತ್ರವೆನಿಸಬಹುದು. ಅಲ್ಲಿ ಭಯವಿರುವುದು ಡಿಕ್ಕಿಯದಲ್ಲ, ನೀರಿನದು. ಕಾರನ್ನು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿರಿಸಿ, ಚಾಲಕರೂ ಇಳಿಯಬೇಕು. ಮಳೆಯ ಕಾರಣದಿಂದ ಯಾರೂ ಒಳಗೆ ಕುಳಿತಿರಕೂಡದು.

ನಿಂತ ಕಾರಿನೊಳಗೆ ಮಕ್ಕಳು

ಮಲೆನಾಡು ತಂಪು ಪ್ರದೇಶವೆಂಬ ಕಾರಣಕ್ಕೆ ಇಲ್ಲಿ ಕಡೆಗಣಿಸಲ್ಪಡುವ ಅಪಾಯವೊಂದಿದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವಿದ್ದಾಗಲೂ ಬಿಸಿಲಿನಲ್ಲಿ ನಿಂತ, ಗಾಜು ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ಡಿಗ್ರಿಗೂ ಮೇಲೇರಬಹುದು. ಚಿಕ್ಕ ಮಕ್ಕಳ ದೇಹವು ದೊಡ್ಡವರಿಗಿಂತ ಹಲವು ಪಟ್ಟು ಬೇಗನೆ ಕಾವೇರುತ್ತದೆ. ಗಾಜನ್ನು ಬೆರಳಗಲ ಇಳಿಸಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ಏಪ್ರಿಲ್, ಮೇ ತಿಂಗಳ ಮದುವೆ, ಉಪನಯನಗಳ ದಿನಗಳಲ್ಲಿ ಅಂಗಳದಲ್ಲಿಯೂ ಗದ್ದೆಯಲ್ಲಿಯೂ ಸಾಲಾಗಿ ಕಾರುಗಳು ನಿಂತಿರುತ್ತವೆ; ಚಪ್ಪರದಡಿ ಗದ್ದಲದಲ್ಲಿ ಮಕ್ಕಳು ಎಲ್ಲಿ ಆಡುತ್ತಿದ್ದಾರೆಂಬುದು ಒಬ್ಬರಿಗೂ ತಿಳಿದಿರುವುದಿಲ್ಲ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಸಮೀಪದ ಗ್ರಾಮವೊಂದರಲ್ಲಿ ಆಟವಾಡುತ್ತಾ ನಿಂತ ಕಾರಿನೊಳಗೆ ಸೇರಿದ ನಾಲ್ವರು ಮಕ್ಕಳು ಹೊರಬರಲಾಗದೆ ಮೃತಪಟ್ಟರು.

ಇಂತಹ ಕಡೆ ಬೀಗವು ಎರಡು ರೀತಿಯಲ್ಲಿ ತೊಂದರೆ ಕೊಡುತ್ತದೆ. ಬೀಗ ಹಾಕದೆ ಬಿಟ್ಟ ಕಾರಿನೊಳಗೆ ಮಕ್ಕಳು ಹಿಂದಿನ ಬಾಗಿಲಿನಿಂದ ಸೇರಿಕೊಂಡರೆ, ಚೈಲ್ಡ್ ಲಾಕ್ ಇದ್ದಲ್ಲಿ ಅದೇ ಬಾಗಿಲಿನಿಂದ ಹೊರಬರಲಾರರು. ಮುಂದಿನ ಸೀಟಿಗೆ ದಾಟಿದರೆ ಬಾಗಿಲು ತೆರೆಯುತ್ತದೆಂಬುದು ಅವರಿಗೆ ಹೊಳೆಯುವುದಿಲ್ಲ. ಮತ್ತೊಂದು, ಅನೇಕ ಕಾರುಗಳಲ್ಲಿ ರಿಮೋಟ್‌ನಿಂದ ಬೀಗ ತೆಗೆದು ಸುಮಾರು ಅರ್ಧ ನಿಮಿಷದೊಳಗೆ ಯಾವ ಬಾಗಿಲನ್ನೂ ತೆರೆಯದಿದ್ದರೆ ಬೀಗ ತಾನಾಗಿ ಮತ್ತೆ ಬೀಳುತ್ತದೆ. ರಿಮೋಟನ್ನು ಮಗುವಿನ ಕೈಗೆ ಆಟಕ್ಕೆ ಕೊಟ್ಟು ದೊಡ್ಡವರು ಇಳಿದಾಗ ಮಗು ಗುಂಡಿ ಒತ್ತಿದರೂ ಇದೇ ಸ್ಥಿತಿ. ಕೀಲಿ ಒಳಗೆ, ಮಗು ಒಳಗೆ, ದೊಡ್ಡವರು ಹೊರಗೆ.

ಹಾಗಾದಲ್ಲಿ ಇನ್ನೊಂದು ಕೀಲಿ ಹತ್ತಿರದಲ್ಲಿಯೇ ಇದ್ದರೆ ತರಬೇಕು. ಇಲ್ಲದಿದ್ದರೆ ಮೆಕ್ಯಾನಿಕ್ ಬರಲೆಂದು ಕಾಯದೆ ಮಗುವಿನಿಂದ ದೂರವಿರುವ ಪಕ್ಕದ ಗಾಜನ್ನು ಒಡೆದು ಬಾಗಿಲು ತೆರೆಯತಕ್ಕದ್ದು. ಮನೆಯಲ್ಲಿ ನಿಂತ ಕಾರಿಗೆ ಯಾವಾಗಲೂ ಬೀಗ ಹಾಕಿ, ಕೀಲಿಯನ್ನು ಮಕ್ಕಳಿಗೆ ಎಟಕದ ಕಡೆ ಇಡುವುದು ಅಗತ್ಯ. ಮಗು ಕಾಣೆಯಾದಾಗ ಬಾವಿ, ಕೆರೆಗಳ ಜೊತೆಗೆ ಅಂಗಳದ ಕಾರುಗಳನ್ನೂ ಮೊದಲಿಗೇ ನೋಡಬೇಕು.

ಮಳೆಗಾಲಕ್ಕೆ ಮುನ್ನ ಅಂಗಳದಲ್ಲಿ ಪರಿಶೀಲನೆ

ಮೃಗಶಿರಾ ಮಳೆ ಹಿಡಿಯುವ ಮುನ್ನ ಒಂದು ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಮನೆಮಂದಿಯೆಲ್ಲ ತಮ್ಮ ಕಾರಿನ ಬೀಗವನ್ನು ಅರಿಯಬಹುದು. ಒಂದು ಗಾಜನ್ನು ಪೂರ್ತಿ ಇಳಿಸಿ, ಒಂದು ಕೀಲಿಯನ್ನು ಹೊರಗೆ ನಿಂತವರ ಕೈಯಲ್ಲಿರಿಸಿ, ಉಳಿದವರು ದಿನವೂ ಕೂರುವ ಜಾಗದಲ್ಲಿಯೇ ಕುಳಿತುಕೊಳ್ಳಬೇಕು. ಹೊರಗಿನವರು ರಿಮೋಟ್‌ನಿಂದ ಬೀಗ ಹಾಕಿದ ಮೇಲೆ ಪ್ರತಿಯೊಬ್ಬರೂ ಚಾಲಕರ ನೆರವಿಲ್ಲದೆ, ವಿದ್ಯುತ್ ಗುಂಡಿ ಒತ್ತದೆ ತಮ್ಮ ಬಾಗಿಲನ್ನು ತೆರೆಯಬೇಕು. ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ರಾತ್ರಿಯ ಮಳೆಯಲ್ಲಿ ದೀಪ ಇರುವುದಿಲ್ಲ. ಬೆರಳು ಸೋತ ಅಜ್ಜಿಗೆ ಹಿಡಿಕೆ ಎಳೆಯಲು ಆಗುವುದೇ ಇಲ್ಲವೆಂದು ಆಗ ತಿಳಿದರೆ, ಅವರ ಪಕ್ಕದಲ್ಲಿ ಯಾರು ಕೂರಬೇಕೆಂಬುದನ್ನು ಅಲ್ಲಿಯೇ ತೀರ್ಮಾನಿಸಬಹುದು.

ರಿಮೋಟಿನ ಸೆಲ್ ಮುಗಿದಾಗ ಅಥವಾ ಕಾರಿನ ಬ್ಯಾಟರಿ ಇಳಿದಾಗ ಹೊರಗಿನಿಂದ ತೆರೆಯುವ ಬಗೆಯನ್ನೂ ನೋಡಿಕೊಳ್ಳಬೇಕು. ಗುಂಡಿ ಒತ್ತಿ ಚಾಲನೆ ಮಾಡುವ ಕಾರುಗಳ ಕೀಲಿಯೊಳಗೆ ಲೋಹದ ಸಣ್ಣ ಕೀಲಿಯೊಂದು ಅಡಗಿರುತ್ತದೆ. ಅದರ ರಂಧ್ರವು ಸಾಮಾನ್ಯವಾಗಿ ಚಾಲಕನ ಬಾಗಿಲಿನಲ್ಲಿ ಮಾತ್ರ ಇದ್ದು, ಕೆಲವದರಲ್ಲಿ ಮುಚ್ಚಳದಡಿ ಇರುತ್ತದೆ. ಕೀಲಿಯಿಲ್ಲದೆ ಹಾರನ್ ಕೆಲಸ ಮಾಡುತ್ತದೆಯೇ ಎಂಬುದನ್ನೂ ಪರೀಕ್ಷಿಸಿ, ಕೆಲಸ ಮಾಡುವುದಾದರೆ ಮಕ್ಕಳಿಗೆ ತೋರಿಸಿಕೊಡಬಹುದು. ಇಷ್ಟು ದಿನ ಹಾರನ್ ಮುಟ್ಟಬೇಡವೆಂದು ಗದರಿದವರೇ ಇದನ್ನು ಹೇಳಿಕೊಡಬೇಕಾಗುತ್ತದೆ. ಕಾರಿನ ಮಾದರಿಗೆ ಸಂಬಂಧಿಸಿದ ಇತರ ವಿವರಗಳು ಮಾಲೀಕರ ಕೈಪಿಡಿಯಲ್ಲಿ ಇರುತ್ತವೆ. ಹಳೆಯ ಕಾರು ಕೊಂಡವರಿಗೆ ಕೈಪಿಡಿ ದೊರೆತಿರದಿದ್ದರೆ ತಯಾರಕರ ಅಂತರಜಾಲ ತಾಣದಿಂದ ಪಡೆಯಬಹುದಾಗಿದೆ.

ಹೊರಗೆ ಅಳವಡಿಸಿದ ಬೀಗಗಳು

ಹಳೆಯ ಕಾರುಗಳಿಗೂ ಓಮ್ನಿಗಳಿಗೂ ಪೇಟೆಯ ಬಿಡಿಭಾಗಗಳ ಅಂಗಡಿಯಲ್ಲಿ ಸೆಂಟ್ರಲ್ ಲಾಕ್ ಹಾಕಿಸಿಕೊಳ್ಳುವುದು ವಾಡಿಕೆಯಲ್ಲಿದೆ. ಹೀಗೆ ಅಳವಡಿಸಿದ ಬೀಗಕ್ಕೆ ಡಿಕ್ಕಿಯಲ್ಲಿ ತಾನಾಗಿ ತೆರೆಯುವ ಗುಣ ಇರುವುದಿಲ್ಲವೆಂದೇ ಭಾವಿಸತಕ್ಕದ್ದು. ತಂತಿಗಳನ್ನು ಫ್ಯೂಸ್ ಇಲ್ಲದೆ ಜೋಡಿಸಿದ್ದರೆ ಬೆಂಕಿಯ ಭಯವೂ ಇದೆ. ಅಳವಡಿಸಿದವರಿಂದಲೇ, ಮೋಟಾರು ನಿಂತಾಗ ಕೈಯಿಂದ ಬೀಗ ತೆರೆಯುವುದನ್ನು ಪ್ರತಿ ಬಾಗಿಲಿನಲ್ಲಿಯೂ ಮಾಡಿಸಿ ನೋಡಿದ ಮೇಲೆಯೇ ಹಣ ಪಾವತಿಸುವುದು ಸೂಕ್ತ.

ಮಲೆನಾಡಿನ ತೇವದಲ್ಲಿ ಬಾಗಿಲಿನೊಳಗಿನ ಮೋಟಾರು, ಸರಳುಗಳು ತುಕ್ಕು ಹಿಡಿಯುತ್ತವೆ. ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದ ಕಾರಿನ ತಂತಿಗಳನ್ನು ಇಲಿಗಳು ಕಡಿಯುವುದೂ ಅಪರೂಪವಲ್ಲ. ಒಂದು ಬಾಗಿಲಿನ ಬೀಗ ತಡವಾಗಿ ಬೀಳುತ್ತಿದ್ದರೆ, ಸದ್ದು ಬಂದರೂ ತೆರೆಯದಿದ್ದರೆ, ಅಥವಾ ಒಮ್ಮೊಮ್ಮೆ ತಾನಾಗಿಯೇ ಬಿದ್ದು ತೆರೆಯುತ್ತಿದ್ದರೆ, ಉಳಿದ ಮೂರು ಬಾಗಿಲುಗಳಿವೆಯೆಂದು ಮುಂದೂಡದೆ ದುರಸ್ತಿ ಮಾಡಿಸಬೇಕು. ಬಾಗಿಲಿನ ಕೆಳಅಂಚಿನ ನೀರು ಹೋಗುವ ರಂಧ್ರಗಳು ಕೆಸರಿನಿಂದ ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಬಹುದು.

ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ, ಆಂಬ್ಯುಲೆನ್ಸ್‌ಗಾಗಿ 108 ಸಂಖ್ಯೆಗೆ, ಅಗ್ನಿಶಾಮಕ ಸೇವೆಗಾಗಿ 101 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವಾಗ ಊರಿನ ಹೆಸರಿನ ಜೊತೆಗೆ ಹತ್ತಿರದ ಸೇತುವೆ, ಶಾಲೆ ಅಥವಾ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ತಿಳಿಸಿದರೆ ಸ್ಥಳ ಗುರುತಿಸಲು ಅನುಕೂಲವಾಗುತ್ತದೆ. ಬಾಡಿಗೆ ಕಾರುಗಳಲ್ಲಿ ಚೈಲ್ಡ್ ಲಾಕ್ ಇರುವುದು ಕಂಡುಬಂದಲ್ಲಿ ವಾಹನದ ನೋಂದಣಿ ಸಂಖ್ಯೆಯೊಂದಿಗೆ ಸಾಗರದ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಗೆ ಅಥವಾ ಶಿವಮೊಗ್ಗದ ಪ್ರಾದೇಶಿಕ ಸಾರಿಗೆ ಕಚೇರಿಗೆ ಲಿಖಿತವಾಗಿ ತಿಳಿಸಬಹುದಾಗಿದೆ.